ನಂದ್ಯಾವ ಬೂದಿ, ಅವಳದ್ಯಾವ ಬೂದಿ

ನಮ್ಮನೆ ಹಾಲ್‌ನಲ್ಲಿ ಇವತ್ತು ಬಣ್ಣದ ಯುದ್ಧ ಕಣ್ರಪ್ಪ. ನಾನೊಂದು ಬೂದಿ ಬಣ್ಣ ಆರಿಸಿದ್ದೆ, ನನ್ನ ಹೆಂಡತಿ ಇನ್ನೊಂದು. ಪೇಂಟರ್ ಎರಡನ್ನೂ ಗೋಡೆ ಮೇಲೆ ಅಕ್ಕಪಕ್ಕ ಒಂದೊಂದು ಪಟ್ಟೆ ಬಳಿದು, “ತೀರ್ಮಾನ ಮಾಡಿ ಫೋನ್ ಮಾಡ್ರಿ” ಅಂತ ಹೋದ.

“ನಿಮ್ದು ಸಿಮೆಂಟು ಇದ್ದಂಗೈತೆ” ಅಂದ್ಲು ಅವಳು. “ನಿಂದು ಒಲೆ ಬೂದಿ” ಅಂದೆ ನಾನು. ಬೆಳಗ್ಗೆಯಿಂದ ಇದೇ.

ಮಧ್ಯಾಹ್ನ ಐಮಂಗಲದಿಂದ ನನ್ನ ಮಾವ ಬಂದ್ರು. ಕುರಿ ಸಾಕೋರು. ಗೋಡೆ ನೋಡಿ, “ಇದ್ರಾಗೆ ನಿಮ್ದ್ಯಾವ್ದು ಅಳಿಯಂದ್ರೇ?” ಅಂದ್ರು.

“ಎಡಗಡೇದು” ಅಂದೆ.

“ರೀ, ಅದು ನಂದು!” ಅಂದ್ಲು ಹೆಂಡತಿ.

ಇಬ್ಬರೂ ಗೋಡೆಗೆ ಮೂಗು ತಾಗಿಸಿ ನೋಡಿದ್ವಿ. ಯಾವುದು ಯಾರದು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

“ಇಬ್ರಿಗೂ ಎಡಗಡೇದೇ ಬೇಕಂದ್ರೆ ಅದನ್ನೇ ಹೊಡೆಸ್ರಿ” ಅಂದ್ರು ಮಾವ.

“ಅದು ಅವಳದಾಗಿದ್ರೆ?” ಅಂದೆ.

ಮಾವ ಸೀದಾ ದೇವರ ಮನೆಗೆ ಹೋಗಿ ಕುಂಕುಮ ನೆನೆಸಿ ತಂದು, ಎಡಗಡೆ ಪಟ್ಟೆ ಮೇಲೆ ಒಂದು ಗೆರೆ ಎಳೆದೇಬಿಟ್ರು. “ಕುರಿಗೆ ಗುರ್ತು ಹಾಕಾದು ಇದಕ್ಕೇ. ಇನ್ಮ್ಯಾಲೆ ಇದು ಇಬ್ರುದೂ!”

ಗೋಡೆಗೆ ಆ ಕೆಂಪೇ ಚೆನ್ನಾಗೈತೆ ಅಂತ ಈಗ ಇಬ್ಬರೂ ಒಪ್ಪಿದ್ದೀವಿ. ಮೊದಲು ಹೇಳಿದ್ದು ಯಾರು ಅಂತ ಜಗಳ ನಡೀತೈತೆ.