ನಾನು ಹಾಕಿದ ನಾಲ್ಕು ಸಹಿಗಳು

ಮಧ್ಯಾಹ್ನ ಮೂರೂಕಾಲಿಗೆ ಸ್ಪೀಕರಿನಲ್ಲಿ ಮೊದಲು ಕರಕರ ಶಬ್ದ ಬರುತ್ತಿತ್ತು, ಯಾರೋ ಒಣಗಿದ ಎಲೆ ಹಿಸುಕಿದ ಹಾಗೆ. ಆಮೇಲೆ ಮ್ಯಾನೇಜರನ ಧ್ವನಿ, ತುಂಬಾ ಪೊಲೈಟ್ ಆಗಿ: ಆರ್ಡರ್ ಹೆಚ್ಚಿದೆ, ಎಲ್ಲರೂ ಇನ್ನೆರಡು ಗಂಟೆ ನಿಲ್ಲಬೇಕು, ಥ್ಯಾಂಕ್ ಯೂ ಟೀಮ್. ಆ ಥ್ಯಾಂಕ್ ಯೂ ಮುಗಿಯುವ ಮೊದಲೇ ಪಕ್ಕದ ಟೇಬಲ್ಲಿನ ಹೆಂಗಸು ಟೇಪ್ ಗನ್ ಕೆಳಗಿಟ್ಟು, ಎರಡೂ ಕೈ ಊರಿ, ತಲೆ ತಗ್ಗಿಸಿ ನಿಂತುಬಿಡುತ್ತಿದ್ದಳು.

ಕೋವಿಡ್ ಇಳಿದು ಎಲ್ಲರ ಮಾಸ್ಕು ಗಲ್ಲಕ್ಕೆ ಜಾರಿದ್ದ ಕಾಲ. ಅಮೆರಿಕದಲ್ಲಿ, ಫೋರ್ಟ್ ಮಿಲ್ ಎಂಬ ಊರಿನ ಹೊರಗೆ, ಹೈವೇ ಪಕ್ಕದ ಒಂದು ವೇರ್‌ಹೌಸಿನಲ್ಲಿ ನಾನು ಸುವಾಸನೆಯ ಕ್ಯಾಂಡಲ್‌ಗಳನ್ನು ಡಬ್ಬಿಗೆ ತುಂಬುತ್ತಿದ್ದೆ. ಆಗಲೇ ಅರವತ್ತಾರು ದಾಟಿತ್ತು. ಮಗಳೂ ಅಳಿಯನೂ ಬ್ಯಾಲಂಟೈನ್‌ನ ಆಫೀಸಿಗೆ ಹೊರಟ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಹಾಗಾಗಿ ಹೋದೆ. ಸಂಜೆ ಸೀರೆಗೆಲ್ಲ ವನಿಲಾ ವಾಸನೆ ಹತ್ತುತ್ತದೆಂದು ಪ್ಯಾಂಟ್ ಹಾಕಲು ಕಲಿತೆ.

ಪಕ್ಕದ ಟೇಬಲ್ಲಿನವಳು ಅಲ್ಲಿಯೇ ಹುಟ್ಟಿ ಬೆಳೆದ ಕಪ್ಪು ಹೆಂಗಸು, ಐವತ್ತರ ಮೇಲೆ ವಯಸ್ಸು, ಆ ವೇರ್‌ಹೌಸಿನಲ್ಲಿ ಹನ್ನೊಂದು ವರ್ಷದ ಸರ್ವೀಸು. ನನ್ನನ್ನು ಮಿಸ್ ಟೀಚರ್ ಎನ್ನುತ್ತಿದ್ದಳು. ನಾನು ಯಾವ ಶಾಲೆಯಲ್ಲೂ ಪಾಠ ಮಾಡಿದವಳಲ್ಲ, ಆದರೆ ನನ್ನ ಕಾನ್ವೆಂಟ್ ಇಂಗ್ಲಿಷು ಕೇಳಿದರೆ ತನ್ನ ಬೆನ್ನು ನೆಟ್ಟಗಾಗುತ್ತದೆಂದು ನಗುತ್ತಿದ್ದಳು. ಆಕೆಯ ಗಂಡನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ನಾಲ್ಕು ಗಂಟೆಗೆ ಅದು ಮುಗಿದಾಗ ಅವನಿಗೆ ತಲೆ ಎತ್ತಲು ಶಕ್ತಿ ಇರುತ್ತಿರಲಿಲ್ಲ. ಈಕೆಯೇ ಹೋಗಿ ಕರೆತರಬೇಕು. ಮನೆಯವರ ಕಾಯಿಲೆಗೆಂದು ಕಾನೂನು ಕೊಡುವ ರಜೆ ಆಗಲೇ ಮುಗಿದಿತ್ತು. ಆ ಮೂರು ದಿನವಾದರೂ ಶಿಫ್ಟು ಮುಗಿಯುವ ಮೂರೂವರೆಗೇ ಬಿಡಿ ಎಂದು ಕೇಳಿದಾಗಲೆಲ್ಲ ಮ್ಯಾನೇಜರ್ ನೋಡೋಣ ಎನ್ನುತ್ತಿದ್ದ.

"ನೋಡೋಣ ಅನ್ನೋದು ಬಾಯಿಮಾತು, ಮಿಸ್ ಟೀಚರ್," ಎಂದಳು ಒಂದು ದಿನ. ಆಕೆಯ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. "ಯೂನಿಯನ್ ಬಂದ್ರೆ ಕಂಪನಿ ನಮ್ಮ ಜೊತೆ ಕೂತು ಮಾತಾಡ್ಲೇಬೇಕು. ಕಾನೂನೇ ಹಾಗಿದೆ. ಆಗ ಕಾಂಟ್ರಾಕ್ಟಲ್ಲಿ ಬರೆಸ್ತೀನಿ, ಮೂರೂವರೆ ಅಂತ. ನಂಗೆ ಅಷ್ಟೇ ಬೇಕಿರೋದು."

ಅದಕ್ಕೆ ಮೊದಲು ಯೂನಿಯನ್ ಬೇಕೋ ಬೇಡವೋ ಎಂದು ಕೆಲಸದವರ ವೋಟಿಂಗ್ ಆಗಬೇಕು. ವೋಟಿಂಗ್ ಕೇಳಲು ನಮ್ಮ ಕೈಯಿಂದ ಕಾರ್ಡುಗಳು ಬೇಕು, ಯೂನಿಯನ್ ಬೇಕು ಎಂದು ಬರೆದು ಸಹಿ ಮಾಡಿದ್ದು. ಕಾನೂನಿಗೆ ನೂರಕ್ಕೆ ಮೂವತ್ತು ಜನ ಸಾಕು. ಆದರೆ ಅರ್ಧಕ್ಕಿಂತ ಹೆಚ್ಚು ಸಿಗದೆ ವೋಟಿಂಗ್‌ಗೆ ಅರ್ಜಿ ಹಾಕಿದರೆ ಸೋಲುತ್ತೀರಿ ಎಂದು ಅಟ್ಲಾಂಟಾದಿಂದ ಬಂದಿದ್ದ ಯೂನಿಯನ್ನಿನವನು ಹೇಳಿದ್ದ. ನಮ್ಮ ಟೇಬಲ್ಲಿನ ಏಳು ಜನ ಇಂಡಿಯಾದ ಹೆಂಗಸರ ಕಾರ್ಡುಗಳ ಜವಾಬ್ದಾರಿ ನನ್ನದಾಯಿತು.

"ಅಮ್ಮಾ, ನಿಂಗ್ಯಾಕೆ ಈ ಯೂನಿಯನ್ ಗೀನಿಯನ್ನು? ರಿಟೈರ್ ಆಗೋ ವಯಸ್ಸಲ್ಲಿ ಧಿಕ್ಕಾರ ಕೂಗ್ತೀಯಾ?" ಎಂದು ಮಗಳು ಕೆಣಕಿದಳು.

"ಕೂಗಲ್ಲ ಕಣೇ. ಫಾರಂ ತುಂಬ್ತೀನಿ, ಅಷ್ಟೇ," ಎಂದೆ.

ಫಾರಂ ತುಂಬುವುದು ನನ್ನ ಹುಟ್ಟುಗುಣ. ಮೈಸೂರಿನಲ್ಲಿ ಅಕ್ಕಪಕ್ಕದ ಮನೆಗಳ ರೇಷನ್ ಕಾರ್ಡು, ಪಾಸ್‌ಪೋರ್ಟು, ಮನಿಯಾರ್ಡರು, ಎಲ್ಲ ನಾನೇ. ಕಾನ್ವೆಂಟಿನ ಸಿಸ್ಟರುಗಳು ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ ಕರ್ಸಿವ್ ಬರವಣಿಗೆ. ಎಲ್ಲಿ ಅದನ್ನು ತೋರಿಸುವ ಅವಕಾಶ ಸಿಕ್ಕಿದರೂ ಬಿಡುತ್ತಿರಲಿಲ್ಲ. ಮೂವರು ಬ್ರೇಕ್ ರೂಮಿನಲ್ಲಿ ಸಹಿ ಮಾಡಿದೆವು. ಉಳಿದ ನಾಲ್ವರು ಆ ವಾರ ಬೇರೆ ಶಿಫ್ಟು. ಅವರಲ್ಲಿ ಧಾರವಾಡದ ಕಡೆಯವಳೊಬ್ಬಳಿಗೆ ಫೋನ್ ಮಾಡಿದೆ.

"ಅಕ್ಕಾರ, ನೀವ ಬರದ್ಬಿಡ್ರಿ. ನಾ ಬರದ್ರ ಕಾಗಿ ಕಾಲು ಗುಬ್ಬಿ ಕಾಲು ಆಗತೈತಿ."

"ಸಹಿ?"

"ಅದನ್ನೂ ನೀವ ಹಾಕ್ರಿ. ನಾ ಹೂಂ ಅಂದೇನಲ್ಲ, ಮತ್ತೇನ್ ಬೇಕು?"

ಉಳಿದ ಮೂವರೂ ಹೂಂ ಎಂದರು. ನನಗೂ ಅದು ಸುಳ್ಳು ಅನ್ನಿಸಲೇ ಇಲ್ಲ. ನಮ್ಮಲ್ಲಿ ದೊಡ್ಡವರು ಮನೆಯ ಪರವಾಗಿ ಒಂದು ಸಹಿ ಹಾಕಿದರೆ ಮುಗಿಯಿತಲ್ಲವೇ? ಅಡಿಗೆಮನೆಯ ಕೌಂಟರಿನಲ್ಲಿ ಕೂತು ನಾಲ್ಕು ಕಾರ್ಡಿಗೂ ಹೆಸರು, ತಾರೀಖು, ಸಹಿ ಹಾಕಿದೆ. ನೀಟ್ ಅಂಡ್ ಕ್ಲೀನ್.

ಯೂನಿಯನ್ನಿನವನು ತನ್ನ ಕಾರಿನಲ್ಲಿ ಕೂತು ಕಾರ್ಡುಗಳನ್ನು ಒಂದೊಂದಾಗಿ ತಿರುಗಿಸಿದ. ಪಕ್ಕದ ಟೇಬಲ್ಲಿನ ಆಕೆ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ನನ್ನ ಕಾರ್ಡಿನ ಪಕ್ಕ ಆ ನಾಲ್ಕನ್ನು ಇಟ್ಟು ನೋಡಿದ.

"ಇವೆಲ್ಲ ಒಂದೇ ಕೈ," ಎಂದ.

ನಾನು ಹೆಮ್ಮೆಯಿಂದಲೇ ಹೌದು ಎಂದೆ. ಅವನು ಬೈಯಲಿಲ್ಲ. ಸಹಿ ಅವರವರದೇ ಆಗಬೇಕು, ಒಂದು ಖೋಟಾ ಸಹಿ ಸಿಕ್ಕಿದರೂ ಕಂಪನಿಯ ಲಾಯರುಗಳು ಎಲ್ಲವನ್ನೂ ಖೋಟಾ ಎನ್ನುತ್ತಾರೆ ಎಂದು ಮೆಲ್ಲಗೆ ಹೇಳಿ, ನಾಲ್ಕನ್ನೂ ಹರಿದ. ಅವಿಲ್ಲದೆ ಅರ್ಧ ದಾಟುತ್ತಿರಲಿಲ್ಲ. ಆಕೆ ತಿರುಗಿ ನನ್ನನ್ನು ನೋಡಲಿಲ್ಲ. "ಪರವಾಗಿಲ್ಲ. ಮತ್ತೆ ಸಹಿ ಮಾಡಿಸು, ಮಿಸ್ ಟೀಚರ್," ಎಂದಳು, ಗಾಜಿನ ಕಡೆಗೇ ನೋಡುತ್ತ.

ಮಾಡಿಸಲಾಗಲಿಲ್ಲ. ಖೋಟಾ ಎಂಬ ಮಾತು ಕಿವಿಗೆ ಬಿದ್ದದ್ದೇ ನಾಲ್ವರೂ ಹಿಂದೆ ಸರಿದರು. "ಸಿಟ್ಟಿಗೇಳಬ್ಯಾಡ್ರಿ ಅಕ್ಕಾರ. ನಮ್ಮ ಗ್ರೀನ್ ಕಾರ್ಡ್ ಇನ್ನೂ ಹೊಸಾದು. ವಕೀಲ್ರು ಅಂದ್ರ ನಮ್ಮ ಮನ್ಯಾಗ ಒಲ್ಲೇ ಒಲ್ಲೆ ಅಂತಾರ," ಎಂದಳು ಧಾರವಾಡದವಳು. ನಾನೇ ಹುಟ್ಟಿಸಿದ ಭಯ. ಏನೆಂದು ಸಮಾಧಾನ ಹೇಳುವುದು? ಬೇರೆ ಕಡೆಯಿಂದ ಕಾರ್ಡು ಕೂಡಿಸುವಷ್ಟರಲ್ಲಿ ಕ್ರಿಸ್ಮಸ್ ಆರ್ಡರುಗಳು ಶುರುವಾದವು. ಅರ್ಜಿ ಮುಂದಕ್ಕೆ ಹೋಯಿತು.

ಆ ಸೀಸನ್ನಿನಲ್ಲಿ ಸ್ಪೀಕರು ದಿನವೂ ಕರಕರ ಎನ್ನುತ್ತಿತ್ತು. ಆಕೆ ವಾರಕ್ಕೆ ಮೂರು ದಿನ ಏಪ್ರನ್ ಬಿಚ್ಚಿಟ್ಟು ಮೂರೂವರೆಗೆ ಹೊರಡುತ್ತಿದ್ದಳು. ಹೇಳದೆ ಹೊರಟರೆ ತಪ್ಪಿನ ಲೆಕ್ಕಕ್ಕೆ ಒಂದು ಪಾಯಿಂಟು. ಹೇಳಿ ಹೊರಟರೂ ಒಂದು ಪಾಯಿಂಟು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ವಾರ ಪಾಯಿಂಟು ತುಂಬಿತೆಂದು ಆಕೆಯನ್ನು ಕೆಲಸದಿಂದ ತೆಗೆದರು. ಯೂನಿಯನ್ ಕಟ್ಟಿದ್ದಕ್ಕೆ ತೆಗೆಯುವುದು ಕಾನೂನಿಗೆ ವಿರುದ್ಧ. ಆದರೆ ಇದು ಹಾಜರಿಯ ವಿಷಯ, ಯೂನಿಯನ್ನಿನದಲ್ಲ ಎಂದಿತು ಕಂಪನಿ. ಅವಳ ಪರವಾಗಿ ಒಂದು ಕಂಪ್ಲೇಂಟೂ ಹೋಯಿತು. ಏನಾಯಿತೋ ನನಗೆ ತಿಳಿಯಲಿಲ್ಲ.

ಮಾರನೆಯ ವರ್ಷದ ವಸಂತದಲ್ಲಿ ವೋಟಿಂಗ್ ನಡೆಯಿತು. ಕೆಲವೇ ಮತಗಳಿಂದ ಗೆದ್ದೆವು. ಈಗ ನನ್ನ ಮೊಣಕಾಲು ಕೈಕೊಟ್ಟು ಕೆಲಸ ಬಿಟ್ಟಾಗಿದೆ. ಕಾಂಟ್ರಾಕ್ಟಿನ ಮಾತುಕತೆ ಇನ್ನೂ ಮುಗಿದಿಲ್ಲವಂತೆ. ಕೂತು ಮಾತಾಡಲೇಬೇಕು ಎನ್ನುವ ಕಾನೂನು ಯಾವಾಗ ಮುಗಿಸಬೇಕು ಎನ್ನುವುದಿಲ್ಲ. ಯಾರನ್ನಾದರೂ ವಿಚಾರಿಸಲೂ ಈಗ ಆಯಾಸ.

ಆಕೆಯನ್ನು ಕೊನೆಯ ಸಲ ನೋಡಿದ್ದು ಆ ವೋಟಿನ ದಿನವೇ. ರಸ್ತೆಯ ಆಚೆ ಕಾರು ನಿಲ್ಲಿಸಿಕೊಂಡು, ಕಿಟಕಿ ಇಳಿಸಿ ಕೂತಿದ್ದಳು. ನಾನು ದಾಟಿ ಹೋದೆ.

"ಹಾಕಿದ್ಯಾ ವೋಟು?"

"ಹಾಕ್ದೆ."

"ಒಂದೇ ತಾನೇ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಸಾರಿ ಎಂದೆ. ಆ ಪದ ಕಾನ್ವೆಂಟಿನಲ್ಲಿ ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಸವೆದುಹೋಗಿದೆ. ಆಕೆ ಕಿಟಕಿಯಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು. ಪಕ್ಕದ ಸೀಟಿನಲ್ಲಿ ಗಂಡ ಹೊದಿಕೆ ಹೊದ್ದು ಬಾಯಿ ತೆರೆದು ಮಲಗಿದ್ದ. ಅವನಿಗೆ ಬಿಸಿಲು ತಾಗದಿರಲೆಂದು ಅವನ ಕಡೆಯ ಕಿಟಕಿಗೆ ಒಂದು ಟವಲು ಸಿಕ್ಕಿಸಿದ್ದಳು. ಅದು ಜಾರಿತು. ನನ್ನ ಕೈ ಬಿಟ್ಟು, ಅವನ ಮೇಲೆ ಬಾಗಿ ಅದನ್ನು ಮತ್ತೆ ಸಿಕ್ಕಿಸತೊಡಗಿದಳು.