ಅಟ್ಟದಿಂದ ಇಳಿಸಿದ ಟ್ರಂಕು

ಮೊನ್ನೆ ಕಪಾಟು ಖಾಲಿ ಮಾಡುವಾಗ ನಮ್ಮ ಮನೆಯವರ ಭಜನೆ ಕ್ಯಾಸೆಟ್ಟುಗಳ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ. ಕರಿ ಪಟ್ಟಿಯ ವಾಸನೆ ಮೂಗಿಗೆ ಬಡಿಯಿತು, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನಂಥದ್ದು. ತೀರಿಹೋದ ಗಂಡನ ನೆನಪು ಬರಬೇಕಿತ್ತು. ಬಂದದ್ದು ಮೈಸೂರು ತಮ್ಮನ ನೆನಪು...

ಆ ಹೆಸರಿಟ್ಟವಳು ನಾನೇ. ಆಗ ನಾವು ಮುಂಬಯಿಯ ಘಾಟ್ಕೋಪರಿನ ಚಾಳಿನಲ್ಲಿದ್ದೆವು. ನಾನು ಖಾನಾವಳಿ ನಡೆಸುತ್ತಿದ್ದೆ. ನಮ್ಮ ಗದಗಿನ ಕಡೆಯ ಗಂಡಸರು ಬಂದು ರೊಟ್ಟಿ ತಿಂದು ಹೋಗುತ್ತಿದ್ದರು. ಮನೆಯವರು ಗ್ರಾಂಟ್ ರೋಡ್ ಹತ್ತಿರದ ಒಂದು ಕಂಪ್ಯೂಟರ್ ಆಫೀಸಿನಲ್ಲಿ ಪ್ಯೂನು. ಅಲ್ಲಿಗೆ ಕೆಲಸಕ್ಕೆ ಬಂದ ಹುಡುಗ ಇವನು. ಇರಲು ಜಾಗವಿಲ್ಲ ಎಂದಾಗ ಮನೆಯವರೇ ಕರೆತಂದು ನಮ್ಮ ಅಟ್ಟ ಕೊಟ್ಟರು. ಜೋಳದ ರೊಟ್ಟಿ ಕಡಿಯಲು ಅವನಿಗೆ ಬರುತ್ತಿರಲಿಲ್ಲ, ಸಾರಿನಲ್ಲಿ ನೆನೆಸಿಕೊಂಡು ನುಂಗುತ್ತಿದ್ದ.

"ಹಲ್ಲು ಮೈಸೂರಾಗ ಬಿಟ್ಟು ಬಂದೀ ಏನೋ ತಮ್ಮಾ?" ಎಂದರೆ ನಗುತ್ತಿದ್ದ.

ನಾನು ಹಿಟ್ಟು ಜರಡಿ ಹಿಡಿಯುತ್ತ ಕೂತಾಗ ಪಕ್ಕಕ್ಕೆ ಬಂದು ತನ್ನ ಕೆಲಸದ ಮಾತು ತೆಗೆಯುತ್ತಿದ್ದ. ನನ್ನ ಓದು ಎರಡನೇ ಇಯತ್ತೆಗೆ ಮುಗಿದದ್ದು. ಅದನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ.

"ಅಕ್ಕಾ, ನಮ್ಮ ಕಂಪ್ಯೂಟರಲ್ಲೂ ಇಂಥದ್ದೊಂದು ಜರಡಿ ಇದೆ. ಈ ಕಡೆಯಿಂದ ಬರಹ ಸುರಿದರೆ ನಾವು ಹೇಳಿದ ತಪ್ಪನ್ನೆಲ್ಲ ತಿದ್ದಿ ಆ ಕಡೆ ಬಿಡುತ್ತೆ. ಕೂತು ಒಂದೊಂದೇ ತಿದ್ದಬೇಕಾಗಿಲ್ಲ."

ಯಂತ್ರದ ಜೊತೆ ಬಂದಿದ್ದ ಆ ಜರಡಿಗೆ ಒಂದು ಐಬಿತ್ತಂತೆ. ಸಾಲು ತೀರ ಉದ್ದವಾದರೆ ಬಾಲ ಕತ್ತರಿಸಿ ಬಿಸಾಡುತ್ತಿತ್ತು, ಸದ್ದಿಲ್ಲದೆ. ಆಫೀಸಿನ ಮುಖ್ಯ ಕೆಲಸವೇ ಒಂದು ದೊಡ್ಡ ಕಂಪನಿಯ ಗಿರಾಕಿಗಳ ವಿಳಾಸದ ಚೀಟಿ ಮುದ್ರಿಸುವುದು. ಒಂದು ಚಾಳಿನ ಗಿರಾಕಿಗಳನ್ನೆಲ್ಲ ಒಂದೇ ಸಾಲಿನಲ್ಲಿ ಪೋಣಿಸಿಟ್ಟಿದ್ದರು. ಚಾಳು ದೊಡ್ಡದಾದರೆ ಕೊನೆಯ ಖೋಲಿಯವರು ಬಾಲದ ಜೊತೆ ಹೋದಂತೆಯೇ. ಅವರಿಗೆ ಕಾಗದವೇ ಹೋಗುತ್ತಿರಲಿಲ್ಲ.

ಇದಕ್ಕೆ ಬದಲಿಯಾಗಿ ಇವನು ಬೇರೊಂದು ಜರಡಿ ತಂದ. ಯಾವುದೋ ದೇಶದಲ್ಲಿ ಯಾರೋ ಮಾಡಿ, ಮಾಡಿದ ರೀತಿಯನ್ನೂ ಬಿಚ್ಚಿಟ್ಟು, ಬೇಕಾದವರು ಒಯ್ಯಿರಿ ಎಂದು ಬಿಟ್ಟದ್ದಂತೆ. ಗೆಳೆಯನೊಬ್ಬ ಟೇಪಿನಲ್ಲಿ ತುಂಬಿ ಕೊಟ್ಟಿದ್ದ.

"ಅವರಿಗೇನು ಸಿಗತದ?"

"ಏನೂ ಇಲ್ಲ ಅಕ್ಕಾ."

"ಹಂಗಾರ ಹುಚ್ಚರೇ ಇರಬೇಕು," ಎಂದೆ. ಮುಂಬಯಿಯಲ್ಲಿ ಒಂದು ಕೊಡ ನೀರನ್ನೂ ಯಾರೂ ಸುಮ್ಮನೆ ಕೊಟ್ಟದ್ದು ನಾನು ಕಂಡಿರಲಿಲ್ಲ.

ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ಹಳೆಯದರ ಹೆಸರನ್ನೇ ಇದಕ್ಕೂ ಇಟ್ಟ. ಉಳಿದವರು ಹೊಸ ಹೆಸರು ಕಲಿಯುವ ತೊಂದರೆ ಬೇಡ ಎಂದು. ಆ ತಿಂಗಳು ಚೀಟಿಗಳು ಹೆಚ್ಚು ಬಂದವು. ಕಂಪನಿಯವರು ಆಫೀಸಿನ ಸಾಹೇಬರನ್ನು ಕೇಳಿದರು: ಇವರೆಲ್ಲ ಇಷ್ಟು ದಿನ ಎಲ್ಲಿದ್ದರು? ಸಾಹೇಬರಿಗೆ ಮಾನ ಉಳಿಸಿಕೊಳ್ಳಬೇಕಿತ್ತು. ಹುಡುಗ ಯಾರಿಗೂ ಹೇಳದೆ ಕದ್ದ ಮಾಲು ತಂದು, ಅದೇ ಹೆಸರಿಟ್ಟು, ಯಂತ್ರ ಕೆಡಿಸಿದ್ದಾನೆ ಎಂದುಬಿಟ್ಟರು.

ರವಿವಾರ ಮುಂಜಾನೆ ಆಫೀಸಿನ ಹೆಡ್ ಕ್ಲಾರ್ಕ್ ನಮ್ಮ ಮನೆಗೇ ಬಂದ, ಅವನ ಟ್ರಂಕು ನೋಡಲು. ಮನೆಯವರು ತಲೆ ತಗ್ಗಿಸಿ ಹಿಂದೆ ನಿಂತಿದ್ದರು. "ಟ್ರಂಕ್ ಉತಾರೋ," ಎಂದ ಕ್ಲಾರ್ಕ್. ಅಟ್ಟ ಹತ್ತಿ ಟ್ರಂಕು ಇಳಿಸಿದವರು ಮನೆಯವರೇ. ಏಣಿ ಹಿಡಿದವಳು ನಾನು. ಚಾಳಿಗೆ ಚಾಳೇ ಗ್ಯಾಲರಿಯಲ್ಲಿ ನೆರೆದಿತ್ತು. ನಾಲ್ಕು ಅಂಗಿ, ಉಪ್ಪಿನಕಾಯಿ ಬಾಟಲಿ, ಹರಿದ ಬನಿಯನ್, ಎಲ್ಲ ಹೊರಗೆ ಬಂತು. ಬನಿಯನ್ ನೋಡಿ ಯಾರೋ ಕಿಸಕ್ಕೆಂದರು. ತಳದಲ್ಲಿ ಟೇಪು.

"ಯೇ ಕ್ಯಾ ಹೈ?"

"ಅದೇ ಸರ್," ಎಂದ ಹುಡುಗ ಹಿಂದಿಯಲ್ಲಿ. "ಕದ್ದದ್ದಲ್ಲ. ಯಾರು ಕೇಳಿದರೂ ಕೊಡಬಹುದು. ನಿಮಗೂ ಒಂದು ಮಾಡಿಕೊಡಲಾ?"

ಜನ ನಕ್ಕರು. ಕ್ಲಾರ್ಕನ ಮುಖ ಕೆಂಪಾಯಿತು. "ಫುಕಟ್ ಮೇಂ ಕೌನ್ ದೇತಾ ಹೈ? ಚೋರ್!"

ನನಗೆ ತಡೆಯಲಾಗಲಿಲ್ಲ. ನನ್ನ ಅನ್ನ ಉಂಡ ಹುಡುಗ, ನನ್ನ ಹೊಸ್ತಿಲಲ್ಲಿ ಕಳ್ಳ ಅನ್ನಿಸಿಕೊಳ್ಳಬೇಕೇ? ಮುರುಕು ಹಿಂದಿಯಲ್ಲಿ ಎಲ್ಲ ಬಿಚ್ಚಿಟ್ಟೆ. ಜರಡಿ, ಬಾಲ, ಕೊನೆಯ ಖೋಲಿಯವರು, ಯಾವ ಕಂಪನಿಯದು ಎನ್ನುವುದು, ಕಾಗದ ಮುಟ್ಟದೇ ಇದ್ದದ್ದು. "ಕೆಡಿಸಿದ್ದು ಇವನಲ್ಲ, ನಿಮ್ಮ ಹಳೇದು," ಎಂದೆ.

ನಮ್ಮ ಚಾಳಿನ ಕೊನೆಯ ಖೋಲಿಯ ಮರಾಠಿ ಮಾವಶಿ ಕೂಗಿದಳು: "ಅಗೋ ಬಾಯಿ! ಮಾಝಂ ಪಣ್ ಕಾಗದ್ ಯೇತ್ ನಾಹೀ!" ನನಗೂ ಬಂದಿಲ್ಲ, ನನಗೂ ಬಂದಿಲ್ಲ ಎಂದು ಗ್ಯಾಲರಿ ತುಂಬ ಗೇಲಿ ಎದ್ದಿತು. ನಾನು ಸೆರಗು ಸಿಕ್ಕಿಸಿಕೊಂಡು ಗೆದ್ದವಳ ಹಾಗೆ ನಿಂತೆ.

ಕ್ಲಾರ್ಕ್ ನನ್ನ ಕಡೆ ತಿರುಗಲೂ ಇಲ್ಲ. ಆಫೀಸಿನ ಮಾತು ಖಾನಾವಳಿಗೆ ಹೇಗೆ ಬಂತು ಎಂದು ಹುಡುಗನನ್ನು ಮೆತ್ತಗೆ ಕೇಳಿದ: "ಆಫೀಸ್ ಕೀ ಬಾತ್ ಖಾನಾವಳ್ ಮೇಂ?"

ಹುಡುಗ ಕಣ್ಣು ಮುಚ್ಚಿಕೊಂಡ. ಆಗಲೂ ನನಗೆ ತಿಳಿಯಲಿಲ್ಲ.

ಸೋಮವಾರ ಅವನನ್ನು ಕೆಲಸದಿಂದ ತೆಗೆದರು. ಕಳ್ಳತನಕ್ಕಲ್ಲ. ಅದಕ್ಕೆ ಸಾಕ್ಷಿ ಇರಲಿಲ್ಲ, ಟೇಪನ್ನೂ ತಿರುಗಿ ಕೊಟ್ಟರಂತೆ. ಗಿರಾಕಿ ಕಂಪನಿಯ ಗುಟ್ಟನ್ನು ಹೊರಗೆ ಆಡಿದ ಎಂದು ತೆಗೆದರು. ಆ ಮಾತು ಸುಳ್ಳೂ ಆಗಿರಲಿಲ್ಲ. ಸಾಕ್ಷಿಗೆ ಇಡೀ ಚಾಳೇ ಇತ್ತು.

"ನೀ ಬಾಯಿ ಮುಚ್ಚಿಕೊಂಡು ಇದ್ದಿದ್ರ ಅಂವ ಉಳೀತಿದ್ದ," ಎಂದರು ಮನೆಯವರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹೋಗುವಾಗ ಟ್ರಂಕು ಎತ್ತಿಕೊಂಡು ಅವನು ಅಂದ: "ಅಕ್ಕಾ, ನೀವು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ನಾನೂ ಅಷ್ಟು ಚೆನ್ನಾಗಿ ಹೇಳ್ತಿರಲಿಲ್ಲ." ನಾನು ಅವನ ಮುಖ ನೋಡಲಿಲ್ಲ. ರೊಟ್ಟಿ ಕಟ್ಟಿಕೊಡಬೇಕು ಅನ್ನುವುದೂ ಹೊಳೆಯಲಿಲ್ಲ.

ಆಮೇಲೆ ಊಟಕ್ಕೆ ಬರುವವರು ಒಬ್ಬೊಬ್ಬರಾಗಿ ಬಿಟ್ಟರು. ಆಕೆಯ ಮುಂದೆ ಏನೂ ಆಡಬೇಡಿ ಎಂದು ತಮ್ಮತಮ್ಮಲ್ಲಿ ಹೇಳಿಕೊಂಡರಂತೆ. ಸರಿಯಾಗಿಯೇ ಹೇಳಿಕೊಂಡರು.

ಈಗ ಬೊರಿವಲಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳದೂ ಕಂಪ್ಯೂಟರ್ ಕೆಲಸ. ಅಂಥ ಜರಡಿ ಈಗಲೂ ಇದೆಯೇ ಎಂದು ಕೇಳಿದೆ. ಕರಿ ಪರದೆಯಲ್ಲಿ ಏನೋ ಬಡಿದು ತೋರಿಸಿದಳು. "ಅಜ್ಜಿ, ಇದು ಫ್ರೀ ಇದೆ. ಸಗಳೇ, ಎಲ್ಲಾರೂ ಇದೇ ಯೂಸ್ ಮಾಡ್ತಾರೆ. ಯಾಕೆ, ನಿಂಗೆ ಹೇಗೆ ಗೊತ್ತು?"

"ಯಾರೋ ಹೇಳಿದ್ರು," ಎಂದೆ.

ಅವನು ಎಲ್ಲಿಗೆ ಹೋದನೋ, ಇದ್ದಾನೋ ಇಲ್ಲವೋ... ವಿಚಾರಿಸಲಿಲ್ಲ. ವಿಚಾರಿಸಲು ಮುಖವಿರಲಿಲ್ಲ. ಮನೆಯವರು ಅದೇ ಆಫೀಸಿನಲ್ಲಿ ರಿಟೈರ್ ಆಗುವ ತನಕ ದುಡಿದರು. ಆ ಪಗಾರದ ಅನ್ನವನ್ನು ನಾನು ಒಂದು ದಿನವೂ ಬೇಡ ಅನ್ನಲಿಲ್ಲ.