ಅಕ್ಕನ ಕೊರಳಿನ ಚಿತ್ರಗಳು

ಮನೆಯವರೆಲ್ಲ ‘ಚಿಕ್ಕವಳು’ ಎಂದೇ ಕರೆಯುತ್ತಿದ್ದ ಆಕೆ ಮಣಿ ಪೋಣಿಸುವುದರಲ್ಲಿ ಎತ್ತಿದ ಕೈ. ಆದರೆ ಆ ಸರಗಳನ್ನು ಆನ್‌ಲೈನ್‌ನಲ್ಲಿ ಮಾರಿಕೊಡುತ್ತಿದ್ದದ್ದು ಅಕ್ಕನ ಕೊರಳು. ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಬೆಳಕು ಹದವಾದಾಗ ಅಕ್ಕ ಬಿಳಿ ಹೊದಿಕೆಯ ಮುಂದೆ ಸ್ಟೂಲು ಹಾಕಿಕೊಂಡು ಕೂರುವಳು. ತಂಗಿ ಮೊಬೈಲಿನಲ್ಲಿ ಗದ್ದದಿಂದ ಕೆಳಗಿನದನ್ನಷ್ಟೇ ಹಿಡಿಯುವಳು.

“ಮುಖ ಬೇಡ ಅಂದ್ಮೇಲೆ ನಾನ್ಯಾಕೇ? ಗೋಡೆಗೊಂದು ಮೊಳೆ ಹೊಡಿ” ಎಂದು ಅಕ್ಕ ನಗುವಳು. ಸರ ಅಲುಗಿ ಚಿತ್ರ ಮಸುಕಾಗುವುದು. ತಂಗಿಯ ಕೈಲಿ ಬೈಸಿಕೊಳ್ಳುವಳು.

ಅಕ್ಕ ತೀರಿಕೊಂಡು ವರ್ಷ ತುಂಬುತ್ತ ಬಂತು. ಚಿಕ್ಕವಳು ಅಳಲಿಲ್ಲ. ಕಲ್ಲೆದೆಯವಳು ಎಂದರು ಜನ. ಇದ್ದರೂ ಇರಬಹುದು ಎಂದುಕೊಂಡಳು. ಹೊಸ ಮಾದರಿ ಮಾತ್ರ ಮಾಡಲಿಲ್ಲ. ಮಾಡಿದರೆ ಹೊಸ ಚಿತ್ರ ತೆಗೆಯಬೇಕಲ್ಲ! ಹಳೆಯ ಚಿತ್ರಗಳಲ್ಲಿದ್ದ ಸರಗಳನ್ನೇ ಮತ್ತೆ ಮತ್ತೆ ಪೋಣಿಸಿ ಕಳಿಸುತ್ತಿದ್ದಳು.

ಒಂದು ದಿನ ಅಕ್ಕನ ಗಂಡ ಬಂದು ಬಾಗಿಲಲ್ಲೇ ನಿಂತ.

“ಆ ಫೋಟೋಗಳನ್ನ ಅಳಿಸಿಬಿಡಮ್ಮ. ಯಾರ್ಯಾರೋ ಅವಳ ಕುತ್ತಿಗೆ ನೋಡಿ ರೇಟ್ ಕೇಳ್ತಾರೆ. ನನ್ನ ಕೈಲಿ ನೋಡೋಕಾಗ್ತಿಲ್ಲ.”

“ಆಗಲಿ ಭಾವ.”

ಬಾಯಿ ಹೇಳಿತು, ಬೆರಳು ಕೇಳಲಿಲ್ಲ. ಇವೂ ಹೋದರೆ ಅಕ್ಕ ತನ್ನೆದುರು ಕೂತದ್ದಕ್ಕೆ ಗುರುತೇನು?

“ಅಂಗಡಿ ಬರಿದು ಮಾಡ್ತೀಯೇನೇ? ನನ್ನ ಕೊರಳಿಗೇನಾಗಿದೆ?” ಎಂದು, ಭಾವ ಹೋದ ಮೇಲೆ ಅಮ್ಮ ಒಳಗಿನಿಂದ ಬಂದು ಕೇಳಿದಳು.

“ಸುಕ್ಕು.”

“ಒಳ್ಳೇದಾಯ್ತು. ಸರ ಜಾರದೆ ಹಿಡ್ಕೊಂಡಿರುತ್ತೆ. ತೆಗಿಯೇ.”

ಅಮ್ಮ ಸ್ಟೂಲಿನ ಮೇಲೆ ಕೂತಳು. ಚಿಕ್ಕವಳು ಅಭ್ಯಾಸಬಲದಿಂದ ಅವಳ ಗದ್ದ ಹಿಡಿದು ತಿರುಗಿಸಿದಳು.

“ಬೆಳಕು ಈ ಕಡೆ ಇದ್ರೆ ನನ್ನನ್ನ ಆ ಕಡೆ ತಿರುಗಿಸ್ತೀಯಲ್ಲೇ!”

ಚಿಕ್ಕವಳ ಕೈ ನಿಂತಿತು. ಅಕ್ಕನ ಕಿವಿಯ ಕೆಳಗೊಂದು ಸುಟ್ಟ ಕಲೆಯಿತ್ತು. ಅದು ಕಾಣದಿರಲೆಂದೇ ಇಷ್ಟು ವರ್ಷವೂ ಹಾಗೆ ತಿರುಗಿಸುತ್ತಿದ್ದದ್ದು. ಮೊಬೈಲು ತೆಗೆದು ನೋಡಿದಳು. ಒಂದು ಚಿತ್ರದಲ್ಲೂ ಆ ಕಲೆಯಿರಲಿಲ್ಲ. ಅದು ಉಳಿದಿದ್ದುದು ಗದ್ದ ತಿರುಗಿಸುವ ಈ ಕೈಯಲ್ಲಿ ಮಾತ್ರ.

ಅಮ್ಮನನ್ನು ಬೆಳಕಿನ ಕಡೆಗೆ ತಿರುಗಿಸಿ ಚಿತ್ರ ತೆಗೆದಳು. ಅದನ್ನು ಅಂಗಡಿಗೆ ಏರಿಸಿ, ಅದೇ ಸರದ ಹಳೆಯ ಚಿತ್ರವನ್ನು ಒತ್ತಿ ಹಿಡಿದಳು. ಅಳಿಸಲೇ ಎಂದು ಮೊಬೈಲು ಕೇಳಿತು. ಹೌದು ಎಂದಳು. ಅಳು ಬಂದೀತೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ.

“ಬೆನ್ನು ನೆಟ್ಟಗೆ ಮಾಡ್ಕೊಳ್ಳಮ್ಮ” ಎಂದಳು. “ಮುಂದಿನದು ಹಸಿರು ಸರ.”